ಬಂದರು ನಿರ್ವಹಣೆಯಲ್ಲಿ ಪರಿಸರ ಹೊಣೆಗಾರಿಕೆ: ವೆಚ್ಚ ಯಾರ ಖಾತೆಗೆ?

2005ರ ಡಿಸೆಂಬರ್ 31ರಂದು ಕುದುರೆಮುಖದ ಕಬ್ಬಿಣದ ಅದಿರು ಗಣಿಗಾರಿಕೆ ನಿಂತುಹೋಯಿತು. ರಾಷ್ಟ್ರೀಯ ಉದ್ಯಾನದೊಳಗಿನ ಗಣಿಗಾರಿಕೆಯನ್ನು ಮುಂದುವರಿಸುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2002ರಲ್ಲಿ ನೀಡಿದ ತೀರ್ಪಿನ ಫಲವಿದು. ಘಟ್ಟದ ಮೇಲಿಂದ 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಕೆಸರಿನ ರೂಪದಲ್ಲಿ ಹರಿದು ಬರುತ್ತಿದ್ದ ಅದಿರಿಗಾಗಿ ಪಣಂಬೂರಿನ ನವಮಂಗಳೂರು ಬಂದರಿನಲ್ಲಿ ಪ್ರತ್ಯೇಕ ಧಕ್ಕೆಯೇ ನಿರ್ಮಾಣವಾಗಿತ್ತು. ಗಣಿ ನಿಂತ ಮೇಲೆ ಪಣಂಬೂರಿನ ಉಂಡೆಕಟ್ಟುವ ಸ್ಥಾವರಕ್ಕೆ ಹೊರಗಿನ ಅದಿರನ್ನು ಸಮುದ್ರಮಾರ್ಗವಾಗಿ ತರಿಸಿಕೊಳ್ಳುವ ಪರಿಸ್ಥಿತಿ ಒದಗಿತು.

ಎರಡನೆಯ ನಿದರ್ಶನ ಚೆನ್ನೈನದು. ನಗರದ ಮಧ್ಯದಲ್ಲಿರುವ ಆ ಬಂದರಿನ ಕಲ್ಲಿದ್ದಲು ಮತ್ತು ಅದಿರಿನ ಧೂಳು ಸುತ್ತಲಿನ ವಸತಿ ಪ್ರದೇಶಗಳನ್ನು ವರ್ಷಗಟ್ಟಲೆ ಬಾಧಿಸಿತು. ಕೊನೆಗೆ ಮದರಾಸು ಉಚ್ಚ ನ್ಯಾಯಾಲಯದ 2011ರ ಆದೇಶದನ್ವಯ ಅದೇ ವರ್ಷದ ಅಕ್ಟೋಬರ್‌ನಿಂದ ಅಲ್ಲಿ ಈ ಎರಡೂ ಸರಕುಗಳ ನಿರ್ವಹಣೆ ನಿಂತಿತು. ಕಲ್ಲಿದ್ದಲು ವ್ಯವಹಾರ ಎನ್ನೂರಿನ ಕಡೆಗೆ ಸರಿಯಿತು. ಆ ಸರಕನ್ನೇ ನಂಬಿದ್ದ ಸ್ಟೀವಡೋರ್‌ಗಳು, ಲಾರಿ ಮಾಲೀಕರು, ದಾಸ್ತಾನು ಅಂಗಳಗಳನ್ನು ಗುತ್ತಿಗೆ ಪಡೆದವರು ತಮ್ಮ ವ್ಯವಹಾರವನ್ನು ಹೊಸದಾಗಿ ಹೊಂದಿಸಿಕೊಳ್ಳಬೇಕಾಯಿತು.

ಈ ಎರಡು ಪ್ರಸಂಗಗಳಿಂದ ಸ್ಪಷ್ಟವಾಗುವ ಸಂಗತಿ ಒಂದೇ. ಪರಿಸರದ ವೆಚ್ಚವನ್ನು ಲೆಕ್ಕಪುಸ್ತಕದಲ್ಲಿ ಬರೆಯದಿದ್ದ ಮಾತ್ರಕ್ಕೆ ಅದು ಇಲ್ಲವಾಗುವುದಿಲ್ಲ. ಮೊದಲು ಅದನ್ನು ನೆರೆಹೊರೆಯವರು ತೆರುತ್ತಾರೆ; ತರುವಾಯ ಅದು ನ್ಯಾಯಾಲಯದ ಆದೇಶವಾಗಿಯೋ, ದಂಡವಾಗಿಯೋ, ಸಾಗಣೆ ದರದ ಮೇಲಿನ ಅಧಿಭಾರವಾಗಿಯೋ ವ್ಯಾಪಾರಕ್ಕೇ ಮರಳುತ್ತದೆ. ಹಾಗೆ ಮರಳಿದಾಗ ದೊಡ್ಡ ಸಂಸ್ಥೆಗಳು ಬೇರೆ ಬಂದರನ್ನು ಹುಡುಕಿಕೊಳ್ಳಬಲ್ಲವು. ಸಣ್ಣ ವರ್ತಕನಿಗೆ ಆ ಅವಕಾಶ ಕಡಿಮೆ. ಆದುದರಿಂದ ಬಂದರಿನ ಪರಿಸರ ಹೊಣೆಗಾರಿಕೆಯೆಂಬುದು ಬಂದರು ಆಡಳಿತ ಮತ್ತು ಹಡಗು ಕಂಪೆನಿಗಳಿಗೆ ಮಾತ್ರ ಸಂಬಂಧಿಸಿದ ವಿಷಯವೆಂದು ವರ್ತಕರೂ ಸಣ್ಣ ಉದ್ದಿಮೆದಾರರೂ ಭಾವಿಸುವುದು ಸರಿಯಲ್ಲ.

ಹೊಣೆಯ ಬಾಬ್ತುಗಳು

ನವಮಂಗಳೂರು ಬಂದರು 1974ರಲ್ಲಿ ದೇಶದ ಪ್ರಮುಖ ಬಂದರುಗಳ ಪಟ್ಟಿಗೆ ಸೇರಿತು. ಇದು ನೈಸರ್ಗಿಕ ಬಂದರಲ್ಲ; ದಡದ ಭೂಮಿಯನ್ನು ಅಗೆದು ನಿರ್ಮಿಸಿದ ಕೃತಕ ಬಂದರು. ಕಚ್ಚಾತೈಲ, ಪೆಟ್ರೋಲಿಯಂ ಉತ್ಪನ್ನಗಳು, ಅಡುಗೆ ಅನಿಲ, ಕಲ್ಲಿದ್ದಲು, ಸುಣ್ಣದ ಕಲ್ಲು, ರಸಗೊಬ್ಬರ, ಖಾದ್ಯತೈಲ ಹಾಗೂ ಕಂಟೇನರುಗಳಲ್ಲಿ ಹೋಗಿಬರುವ ಕಾಫಿ, ಗೋಡಂಬಿ ಮುಂತಾದವು ಇಲ್ಲಿನ ಸರಕುಗಳು. ಇಂತಹ ಮಿಶ್ರ ಸರಕಿನ ಬಂದರಿನಲ್ಲಿ ಪರಿಸರದ ಹೊಣೆಯನ್ನು ನಾಲ್ಕು ಬಾಬ್ತುಗಳಾಗಿ ವಿಂಗಡಿಸಬಹುದು.

ಮೊದಲನೆಯದು ಧೂಳು. ಕಲ್ಲಿದ್ದಲು, ಸುಣ್ಣದ ಕಲ್ಲು, ಗೊಬ್ಬರ ಇವುಗಳನ್ನು ಹಡಗಿನ ಒಡಲಿನಿಂದ ಕ್ರೇನಿನ ಬಾಚಿಯಿಂದ ಎತ್ತಿ ಲಾರಿಗೆ ಸುರಿಯುವಾಗ, ಅಂಗಳದಲ್ಲಿ ರಾಶಿ ಹಾಕುವಾಗ ಮತ್ತು ಲಾರಿ ರಸ್ತೆಗಿಳಿದಾಗ ಹೀಗೆ ಮೂರು ಹಂತಗಳಲ್ಲಿ ಧೂಳು ಏಳುತ್ತದೆ. ಸರಕನ್ನು ಬೀಳಿಸುವ ಎತ್ತರವನ್ನು ತಗ್ಗಿಸುವುದು, ರಾಶಿಯ ಮೇಲೆ ನೀರು ಚಿಮುಕಿಸುವುದು, ಟಾರ್ಪಾಲಿನ್ ಹೊದಿಸುವುದು, ಲಾರಿಯ ಚಕ್ರ ತೊಳೆದು ಹೊರಬಿಡುವುದು, ಸಾಧ್ಯವಿದ್ದೆಡೆ ಮುಚ್ಚಿದ ಕನ್ವೇಯರ್ ಮತ್ತು ರೈಲು ಬಳಸುವುದು ಇದರ ಪರಿಹಾರಗಳು. ಉಡುಪಿ ಜಿಲ್ಲೆಯ ಎಲ್ಲೂರಿನ ವಿದ್ಯುತ್ ಸ್ಥಾವರಕ್ಕೆ ಪಣಂಬೂರಿನಿಂದ ಕಲ್ಲಿದ್ದಲು ರೈಲಿನಲ್ಲಿ ಹೋಗುತ್ತದೆ. ಆದರೆ ಸಣ್ಣ ಆಮದುದಾರನ ಸರಕು ಹೋಗುವುದು ಹೆಚ್ಚಾಗಿ ಲಾರಿಯಲ್ಲಿ. ಮಳೆಗಾಲದಲ್ಲಿ ಧೂಳಿನ ಬದಲು ಕಪ್ಪುನೀರಿನ ಸಮಸ್ಯೆ ತಲೆದೋರುತ್ತದೆ. ಅಂಗಳದ ಸುತ್ತ ಚರಂಡಿಯೂ ಹೂಳು ತಂಗುವ ತೊಟ್ಟಿಯೂ ಇಲ್ಲದಿದ್ದರೆ ಆ ನೀರು ತೋಡಿನ ಮೂಲಕ ಸಮುದ್ರ ಸೇರುತ್ತದೆ.

ಎರಡನೆಯದು ಹಡಗಿನ ತ್ಯಾಜ್ಯ. ಅಂತಾರಾಷ್ಟ್ರೀಯ ಮಾರ್ಪೋಲ್ ಒಪ್ಪಂದವು ತೈಲ, ದ್ರವರೂಪದ ರಾಸಾಯನಿಕಗಳು, ಪೊಟ್ಟಣಗಳಲ್ಲಿನ ಅಪಾಯಕಾರಿ ವಸ್ತುಗಳು, ಮಲಿನಜಲ, ಕಸ ಮತ್ತು ವಾಯುಮಾಲಿನ್ಯ ಎಂಬ ಆರು ಅನುಬಂಧಗಳಲ್ಲಿ ನಿಯಮಗಳನ್ನು ವಿಧಿಸಿದೆ. ಸಮುದ್ರಕ್ಕೆ ಸುರಿಯಬಾರದೆಂದು ಹಡಗಿಗೆ ಹೇಳುವ ದೇಶವು, ಆ ತ್ಯಾಜ್ಯವನ್ನು ಬಂದರಿನಲ್ಲಿ ಸ್ವೀಕರಿಸುವ ವ್ಯವಸ್ಥೆಯನ್ನೂ ಒದಗಿಸಬೇಕೆಂಬುದು ಈ ಒಪ್ಪಂದದ ಮುಖ್ಯ ಅಂಶ. ಸರಕಿಲ್ಲದ ಹಡಗು ಸಮತೋಲನಕ್ಕಾಗಿ ತುಂಬಿಕೊಂಡು ಬರುವ ನಿಲುಭಾರದ ನೀರಿಗೆ ಬೇರೆಯೇ ಒಪ್ಪಂದವಿದ್ದು, ಅದು 2017ರ ಸೆಪ್ಟೆಂಬರ್ 8ರಂದು ಜಾರಿಗೆ ಬಂದಿತು. ಒಂದು ಖಂಡದ ಜೀವಿಗಳು ಈ ನೀರಿನೊಂದಿಗೆ ಇನ್ನೊಂದು ಖಂಡದ ಕರಾವಳಿಗೆ ಬಂದು ನೆಲೆಯೂರುತ್ತವೆ. ಕೇರಳದ ಅಷ್ಟಮುಡಿ ಹಿನ್ನೀರಿನಲ್ಲಿ ಹಬ್ಬಿರುವ ಅಮೆರಿಕ ಮೂಲದ ಚಿಪ್ಪುಮೀನೊಂದು ಹಡಗುಗಳ ಮೂಲಕವೇ ಬಂದಿರಬೇಕೆಂಬುದು ವಿಜ್ಞಾನಿಗಳ ಅಭಿಪ್ರಾಯ. ಪಚ್ಚಿಲೆ, ಮರುವಾಯಿ ಹೆಕ್ಕಿ ಬದುಕುವ ಕರಾವಳಿಯ ಕುಟುಂಬಗಳಿಗೆ ಇದು ಸಣ್ಣ ವಿಷಯವಲ್ಲ.

ಮೂರನೆಯದು ಹೂಳು ಮತ್ತು ದಡ. ಮುಂಗಾರಿನ ಅಲೆಗಳು ತಂದು ತುಂಬುವ ಹೂಳನ್ನು ತೆಗೆಯದೆ ಪಶ್ಚಿಮ ಕರಾವಳಿಯ ಕೃತಕ ಬಂದರು ನಡೆಯಲಾರದು. ತೆಗೆದ ಹೂಳನ್ನು ನಿಗದಿತ ಆಳದ, ನಿಗದಿತ ಜಾಗದಲ್ಲೇ ಸುರಿಯಬೇಕು. ದಡದ ಸಮೀಪ ಸುರಿದರೆ ಮೀನುಗಾರಿಕೆಗೆ ಹಾನಿ. ಸಮುದ್ರದೊಳಕ್ಕೆ ಚಾಚುವ ಅಲೆತಡೆಗೋಡೆಗಳು ದಡದುದ್ದಕ್ಕೂ ಚಲಿಸುವ ಮರಳನ್ನು ತಡೆಯುವುದರಿಂದ ಒಂದು ಕಡೆ ಮರಳು ಶೇಖರವಾಗಿ ಇನ್ನೊಂದು ಕಡೆ ಕೊರೆತ ಉಂಟಾಗುತ್ತದೆ. ಉಳ್ಳಾಲದ ಕಡಲ್ಕೊರೆತ ಸರ್ವವಿದಿತ. ಅಲ್ಲಿನ ದಡವನ್ನು ಉಳಿಸಲು ಏಷ್ಯಾ ಅಭಿವೃದ್ಧಿ ಬ್ಯಾಂಕಿನ ಸಾಲದ ನೆರವಿನಿಂದ ಕಾಮಗಾರಿ ಕೈಗೊಳ್ಳಬೇಕಾಯಿತು. ಆ ಸಾಲದ ಹೊರೆ ಅಂತಿಮವಾಗಿ ತೆರಿಗೆದಾರರದು ಎಂಬುದನ್ನು ಗಮನಿಸಬೇಕು.

ನಾಲ್ಕನೆಯದು ಅವಘಡ. 2017ರ ಜನವರಿ 28ರಂದು ಎನ್ನೂರಿನ ಬಳಿ ಎರಡು ಹಡಗುಗಳು ಡಿಕ್ಕಿ ಹೊಡೆದು ತೈಲ ಸೋರಿದಾಗ ಕಾರ್ಮಿಕರೂ ಸ್ವಯಂಸೇವಕರೂ ಬಕೆಟ್ಟುಗಳಲ್ಲಿ ಜಿಡ್ಡನ್ನು ಎತ್ತಿದ ದೃಶ್ಯ ದೇಶವೇ ಕಂಡಿತು. 2022ರ ಜೂನ್‌ನಲ್ಲಿ ಉಕ್ಕಿನ ಸುರುಳಿಗಳನ್ನು ಹೊತ್ತ ‘ಪ್ರಿನ್ಸೆಸ್ ಮಿರಾಲ್’ ಹಡಗು ಉಳ್ಳಾಲದ ಬಟ್ಟಪಾಡಿ ಬಳಿ ಮುಳುಗಿತು. 15 ಮಂದಿ ನಾವಿಕರು ಪಾರಾದರೂ ಹಡಗಿನ ಇಂಧನ ಸೋರುವ ಆತಂಕ ದಡದವರನ್ನು ಕಾಡಿತು. 2025ರ ಮೇ 25ರಂದು ಕೊಚ್ಚಿಯ ಬಳಿ ‘ಎಂಎಸ್‌ಸಿ ಎಲ್ಸಾ 3’ 640 ಕಂಟೇನರುಗಳೊಂದಿಗೆ ಮುಳುಗಿತು. ಅವುಗಳಲ್ಲಿ 13ರಲ್ಲಿ ಅಪಾಯಕಾರಿ ಸರಕಿತ್ತು. ಪ್ಲಾಸ್ಟಿಕ್ ಹರಳುಗಳು ಕೇರಳದ ಮರಳಿನಲ್ಲಿ ಹರಡಿದವು. ಮೀನುಗಾರರಿಗೆ ನಿರ್ಬಂಧ ವಿಧಿಸಲಾಯಿತು. ರಾಜ್ಯ ಸರಕಾರವು ಅದನ್ನು ವಿಪತ್ತೆಂದು ಘೋಷಿಸಿತು.

ಕಾನೂನಿನ ಚೌಕಟ್ಟು

1974ರ ಜಲ ಕಾಯಿದೆ, 1981ರ ವಾಯು ಕಾಯಿದೆ ಹಾಗೂ 1986ರ ಪರಿಸರ ಸಂರಕ್ಷಣಾ ಕಾಯಿದೆ ಇವು ಮೂಲ ಕಾನೂನುಗಳು. ದಡದ ಬಳಕೆಗೆ 1991ರಲ್ಲಿ ಮೊದಲು ಹೊರಟು 2011 ಮತ್ತು 2019ರಲ್ಲಿ ಹೊಸದಾಗಿ ಬಂದ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆಯೂ, ಹೊಸ ಬಂದರು ಅಥವಾ ವಿಸ್ತರಣೆಗೆ 2006ರ ಪರಿಸರ ಪರಿಣಾಮ ಅಧ್ಯಯನ ಅಧಿಸೂಚನೆಯೂ ಅನ್ವಯಿಸುತ್ತವೆ. ಮಾಲಿನ್ಯ ಮಾಡಿದವನೇ ಅದರ ವೆಚ್ಚ ಭರಿಸಬೇಕೆಂಬ ತತ್ವವನ್ನು ಸರ್ವೋಚ್ಚ ನ್ಯಾಯಾಲಯವು 1996ರ ತೀರ್ಪುಗಳಲ್ಲಿ ನೆಲದ ಕಾನೂನಿನ ಭಾಗವೆಂದು ಎತ್ತಿಹಿಡಿಯಿತು. 2010ರ ಕಾಯಿದೆಯಂತೆ ಸ್ಥಾಪಿತವಾದ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ಈ ತತ್ವದ ಮೇಲೆಯೇ ಪರಿಹಾರ ನಿಗದಿ ಮಾಡುತ್ತದೆ.

ಇತ್ತೀಚಿನ ಒಂದು ಬದಲಾವಣೆ ಸಣ್ಣ ಉದ್ದಿಮೆಗಳಿಗೆ ಮುಖ್ಯವಾದುದು. 2023ರ ಜನವಿಶ್ವಾಸ ತಿದ್ದುಪಡಿ ಕಾಯಿದೆಯನ್ವಯ ಪರಿಸರ ಸಂರಕ್ಷಣಾ ಕಾಯಿದೆಯ ಉಲ್ಲಂಘನೆಗೆ ಜೈಲುಶಿಕ್ಷೆಯ ಬದಲು ರೂ. 10,000ದಿಂದ ರೂ. 15 ಲಕ್ಷದವರೆಗೆ ಹಣದ ದಂಡ ವಿಧಿಸಲಾಗಿದ್ದು, ಇದು 2024ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಉಲ್ಲಂಘನೆ ಮುಂದುವರಿದರೆ ದಿನಕ್ಕೆ ರೂ. 10,000 ಹೆಚ್ಚುವರಿ. ಜೈಲಿನ ಭಯ ಕಡಿಮೆಯಾಯಿತೆಂದು ಸಮಾಧಾನಪಡುವವರು ಒಂದಂಶವನ್ನು ಗಮನಿಸಬೇಕು. ಹಿಂದೆ ಫೌಜುದಾರಿ ನ್ಯಾಯಾಲಯದಲ್ಲಿ ವರ್ಷಗಟ್ಟಲೆ ನಡೆಯಬೇಕಾಗಿದ್ದ ಮೊಕದ್ದಮೆಯ ಸ್ಥಾನದಲ್ಲಿ ಈಗ ಅಧಿಕಾರಿಯೊಬ್ಬರು ವಿಚಾರಣೆ ನಡೆಸಿ ದಂಡ ನಿರ್ಧರಿಸಬಲ್ಲರು. ದಂಡವು ಸುಲಭವಾಗಿ ವಿಧಿಸಬಹುದಾದ ವೆಚ್ಚವಾಗಿ ಮಾರ್ಪಟ್ಟಿದೆ.

ಬಂದರುಗಳ ಆಡಳಿತದಲ್ಲಿಯೂ ಬದಲಾವಣೆಯಾಗಿದೆ. 1963ರ ಕಾಯಿದೆಯ ಸ್ಥಾನದಲ್ಲಿ 2021ರ ಪ್ರಮುಖ ಬಂದರು ಪ್ರಾಧಿಕಾರಗಳ ಕಾಯಿದೆ ಬಂದು ಟ್ರಸ್ಟುಗಳು ಪ್ರಾಧಿಕಾರಗಳಾದವು. ದರಗಳನ್ನು ನಿಗದಿಪಡಿಸುವ ಅಧಿಕಾರ ಅವುಗಳ ಮಂಡಳಿಗಳಿಗೇ ದೊರೆಯಿತು. 2023ರ ಮೇ ತಿಂಗಳಲ್ಲಿ ಕೇಂದ್ರ ಸರಕಾರವು ‘ಹರಿತ್ ಸಾಗರ್’ ಮಾರ್ಗಸೂಚಿಗಳನ್ನು ಹೊರಡಿಸಿತು. ಒಂದು ಟನ್ ಸರಕಿಗೆ ತಗಲುವ ಇಂಗಾಲ ಹೊರಸೂಸುವಿಕೆಯನ್ನು 2030ರೊಳಗೆ ಶೇ. 30ರಷ್ಟು, 2047ರೊಳಗೆ ಶೇ. 70ರಷ್ಟು ತಗ್ಗಿಸುವುದು ಅದರ ಗುರಿ. ನವೀಕರಿಸಬಹುದಾದ ವಿದ್ಯುತ್ತಿನ ಬಳಕೆ, ಯಂತ್ರಗಳ ವಿದ್ಯುದೀಕರಣ, ಹಸಿರು ಪಟ್ಟಿ ಇವುಗಳಿಗೂ ಗುರಿಗಳಿವೆ. ಗುರಿ ಬಂದರಿನದಾದರೂ ಅದನ್ನು ತಲುಪಲು ಹೂಡುವ ಬಂಡವಾಳ ಇಂದಲ್ಲ ನಾಳೆ ದರಪಟ್ಟಿಯ ಮೂಲಕ ಬಳಕೆದಾರರಿಂದಲೇ ವಸೂಲಾಗಬೇಕು. ಆದುದರಿಂದ ದರ ಪರಿಷ್ಕರಣೆಯ ಸಂದರ್ಭದಲ್ಲಿ, ಶುಚಿಯಾಗಿ ಸರಕು ನಿರ್ವಹಿಸುವವರಿಗೆ ರಿಯಾಯಿತಿ ಮತ್ತು ಹಾಗೆ ಮಾಡದವರಿಗೆ ಹೆಚ್ಚಿನ ದರ ಎಂಬ ನೀತಿಯನ್ನು ವಾಣಿಜ್ಯ ಸಂಸ್ಥೆಗಳು ಕೇಳುವುದು ನ್ಯಾಯೋಚಿತ. ಎಲ್ಲರಿಗೂ ಸಮನಾಗಿ ಹಂಚಿದರೆ ಟಾರ್ಪಾಲಿನ್ ಹೊದಿಸಿದವನು ಹೊದಿಸದವನ ಪಾಲನ್ನೂ ತೆತ್ತಂತಾಗುತ್ತದೆ.

ಸರಕುಪಟ್ಟಿಯಲ್ಲಿ ಅಡಗಿರುವ ವೆಚ್ಚ

ಈ ವೆಚ್ಚ ಈಗಾಗಲೇ ಸಣ್ಣ ರಫ್ತುದಾರನನ್ನು ತಲುಪಿದೆ. 2020ರ ಜನವರಿ 1ರಿಂದ ಹಡಗಿನ ಇಂಧನದಲ್ಲಿ ಗಂಧಕದ ಗರಿಷ್ಠ ಪ್ರಮಾಣವನ್ನು ಶೇ. 3.50ರಿಂದ ಶೇ. 0.50ಕ್ಕೆ ಇಳಿಸಲಾಯಿತು. ಕಡಿಮೆ ಗಂಧಕದ ಇಂಧನದ ಹೆಸರಿನಲ್ಲಿ ಅಧಿಭಾರವು ಸಾಗಣೆ ಬಿಲ್ಲುಗಳಲ್ಲಿ ಕಾಣಿಸಿಕೊಂಡಿತು. 2024ರ ಜನವರಿ 1ರಿಂದ ಐರೋಪ್ಯ ಒಕ್ಕೂಟವು ತನ್ನ ಹೊರಸೂಸುವಿಕೆ ವ್ಯಾಪಾರ ವ್ಯವಸ್ಥೆಗೆ ಹಡಗುಗಳನ್ನೂ ಸೇರಿಸಿತು. ಐರೋಪ್ಯ ಬಂದರಿಗೆ ಹೊರಗಿನಿಂದ ಬರುವ ಪ್ರಯಾಣದ ಅರ್ಧದಷ್ಟು ಹೊರಸೂಸುವಿಕೆ ಅದರ ವ್ಯಾಪ್ತಿಗೆ ಬರುತ್ತದೆ. ಹೀಗೆ ವ್ಯಾಪ್ತಿಗೆ ಬಂದುದರಲ್ಲಿ 2024ರ ಬಾಬ್ತು ಶೇ. 40, 2025ರ ಬಾಬ್ತು ಶೇ. 70, 2026ರಿಂದ ಪೂರ್ಣ ಪ್ರಮಾಣಕ್ಕೆ ಹಡಗು ಕಂಪೆನಿ ಹಣ ತೆರಬೇಕು. ಕಂಪೆನಿಗಳು ಅದನ್ನು ಪ್ರತಿ ಕಂಟೇನರಿನ ಮೇಲೆ ಅಧಿಭಾರವಾಗಿ ಹಾಕುತ್ತಿವೆ. ಕೊಡಗು, ಚಿಕ್ಕಮಗಳೂರಿನ ಕಾಫಿಯನ್ನು ಯುರೋಪಿಗೆ ಕಳುಹಿಸುವ ವರ್ತಕನು ಬೆಲೆ ಕರಾರು ಮಾಡಿಕೊಳ್ಳುವಾಗ ಈ ಬಾಬ್ತು ಯಾರದೆಂದು ಸ್ಪಷ್ಟಪಡಿಸಿಕೊಳ್ಳದಿದ್ದರೆ ಅದು ಅವನ ಲಾಭದಿಂದಲೇ ಕಳೆಯುತ್ತದೆ.

ಧೂಳಿನ ಲೆಕ್ಕ

ಧೂಳೆಂದರೆ ಗಾಳಿಗೆ ಹೋದ ಸರಕು. ಒಂದು ಕಾಲ್ಪನಿಕ ಉದಾಹರಣೆಯಿಂದ ಇದನ್ನು ತಿಳಿಯಬಹುದು. ಆಮದುದಾರನೊಬ್ಬ 10,000 ಟನ್ ಕಲ್ಲಿದ್ದಲನ್ನು ಟನ್ನಿಗೆ ರೂ. 9,000ದಂತೆ ತರಿಸಿದನೆಂದು ಭಾವಿಸೋಣ. ಇಳಿಸುವಿಕೆ, ದಾಸ್ತಾನು ಮತ್ತು ಸಾಗಣೆಯಲ್ಲಿ ಶೇ. 0.5ರಷ್ಟು ನಷ್ಟವಾದರೆ 50 ಟನ್, ಅಂದರೆ ರೂ. 4.50 ಲಕ್ಷ. ಹೊದಿಕೆ ಮತ್ತು ನೀರು ಚಿಮುಕಿಸಲು ಟನ್ನಿಗೆ ರೂ. 25ರಂತೆ ರೂ. 2.50 ಲಕ್ಷ ವೆಚ್ಚ ಮಾಡಿ ನಷ್ಟವನ್ನು ಶೇ. 0.1ಕ್ಕೆ ಇಳಿಸಿದರೆ ನಷ್ಟ ರೂ. 90,000 ಮಾತ್ರ. ಉಳಿದ ಸರಕಿನ ಮೌಲ್ಯ ರೂ. 3.60 ಲಕ್ಷ, ವೆಚ್ಚ ಕಳೆದು ನಿವ್ವಳ ಲಾಭ ರೂ. 1.10 ಲಕ್ಷ. ಅಂಕಿಗಳು ಸರಕಿನಿಂದ ಸರಕಿಗೆ ಬದಲಾಗುತ್ತವೆ. ಕೆಲವು ಸಂದರ್ಭದಲ್ಲಿ ವೆಚ್ಚವೇ ಹೆಚ್ಚೂ ಆಗಬಹುದು. ಆದರೆ ಬಹುತೇಕ ವರ್ತಕರು ಈ ನಷ್ಟವನ್ನು ‘ತೂಕದ ವ್ಯತ್ಯಾಸ’ ಎಂಬ ಶೀರ್ಷಿಕೆಯಲ್ಲಿ ಮರೆತುಬಿಡುತ್ತಾರೆ. ಹಡಗಿನ ಡ್ರಾಫ್ಟ್ ಸರ್ವೆ ತೂಕ, ಅಂಗಳದ ತೂಕ, ಗೋದಾಮಿನ ತೂಕ ಈ ಮೂರನ್ನೂ ಪ್ರತಿ ಸರಕಿಗೂ ಹೋಲಿಸಿ ಬರೆದಿಟ್ಟರೆ ಎಲ್ಲಿ ಸೋರಿಕೆಯಿದೆಯೆಂಬುದು ತಾನಾಗಿ ತಿಳಿಯುತ್ತದೆ. ತೇವಾಂಶದ ವ್ಯತ್ಯಾಸವನ್ನೂ ಗಣನೆಗೆ ತೆಗೆದುಕೊಳ್ಳತಕ್ಕದ್ದು.

ಇನ್ನು ತೆರಿಗೆಯ ಪರಿಣಾಮ. ಕಾನೂನು ಉಲ್ಲಂಘನೆಗಾಗಿ ತೆತ್ತ ದಂಡವನ್ನು ಆದಾಯ ತೆರಿಗೆ ಕಾನೂನು ವ್ಯವಹಾರ ವೆಚ್ಚವೆಂದು ಮಾನ್ಯ ಮಾಡುವುದಿಲ್ಲ. ಶೇ. 30ರ ದರದಲ್ಲಿ ತೆರಿಗೆ ಕೊಡುವ ಪಾಲುದಾರಿಕೆ ಸಂಸ್ಥೆಯು ರೂ. 5 ಲಕ್ಷ ದಂಡ ಕಟ್ಟಿದರೆ, ಸೆಸ್ ಬಿಟ್ಟು ಲೆಕ್ಕ ಹಾಕಿದರೂ, ಅದಕ್ಕಾಗಿ ಸುಮಾರು ರೂ. 7.14 ಲಕ್ಷ ಗಳಿಸಿರಬೇಕು. ಅದೇ ಹಣವನ್ನು ಮಾಲಿನ್ಯ ನಿಯಂತ್ರಣ ಸಾಧನಕ್ಕೆ ಹಾಕಿದರೆ ಸವಕಳಿ ದೊರೆಯುತ್ತದೆ. 1962ರ ಆದಾಯ ತೆರಿಗೆ ನಿಯಮಗಳಲ್ಲಿ ಧೂಳು ಸಂಗ್ರಹಕ ವ್ಯವಸ್ಥೆ ಮುಂತಾದ ಪಟ್ಟಿಮಾಡಿದ ಸಾಧನಗಳಿಗೆ ಮೊದಲು ಶೇ. 100ರಷ್ಟಿದ್ದ ಸವಕಳಿ ದರವನ್ನು 2017ರ ಏಪ್ರಿಲ್ 1ರಿಂದ ಶೇ. 40ಕ್ಕೆ ಇಳಿಸಲಾಯಿತು, ಸಾಮಾನ್ಯ ಯಂತ್ರಗಳಿಗಿದ್ದ ದರ ಶೇ. 15. ಪಟ್ಟಿಯಲ್ಲಿ ಹೆಸರಿಸದ ಸಾಧನಕ್ಕೆ ಹೆಚ್ಚಿನ ದರ ಸಿಗದಾದುದರಿಂದ ಖರೀದಿಗೆ ಮೊದಲೇ ಲೆಕ್ಕಪರಿಶೋಧಕರೊಂದಿಗೆ ಪರಿಶೀಲಿಸುವುದು ಲೇಸು. ಬಿಲ್ಲಿನಲ್ಲಿಯೂ ಸಾಧನದ ಸ್ವರೂಪ ಸ್ಪಷ್ಟವಾಗಿ ನಮೂದಾಗಿರಬೇಕು.

ಲೆಕ್ಕಪತ್ರಗಳಲ್ಲಿ ತೋರಿಸುವ ಕ್ರಮವೂ ಮುಖ್ಯ. ಲೆಕ್ಕಪತ್ರ ಮಾನದಂಡ 29ರ ಪ್ರಕಾರ ಹಿಂದೆ ನಡೆದ ಘಟನೆಯಿಂದ ಇಂದು ಬಾಧ್ಯತೆ ಉಂಟಾಗಿದ್ದು, ಹಣ ತೆರಬೇಕಾಗುವ ಸಂಭವ ಹೆಚ್ಚಾಗಿದ್ದು, ಮೊತ್ತವನ್ನು ಅಂದಾಜು ಮಾಡಬಹುದಾಗಿದ್ದರೆ ಅದಕ್ಕೆ ನಿಧಿ ಕಲ್ಪಿಸಬೇಕು. ಮಾಲಿನ್ಯ ನಿಯಂತ್ರಣ ಮಂಡಳಿಯ ನೋಟಿಸು ಕಡತದಲ್ಲಿದ್ದು ಆಢಾವೆ ಪತ್ರಿಕೆಯಲ್ಲಿ ಅದರ ಸುಳಿವೇ ಇಲ್ಲದಿದ್ದರೆ, ಬ್ಯಾಂಕಿನಿಂದ ಸಾಲ ಕೇಳುವಾಗಲೋ ಪಾಲುದಾರ ನಿವೃತ್ತನಾಗುವಾಗಲೋ ಅದು ತೊಡಕಾಗುತ್ತದೆ.

ನೆರೆಯವರ ಪಾಲು

ಬೈಕಂಪಾಡಿ, ಮೀನಕಳಿಯ, ಬೆಂಗರೆಯ ಮೀನುಗಾರ ಕುಟುಂಬಗಳಿಗೆ ಬಂದರು ನೆರೆಮನೆಯಿದ್ದಂತೆ. ತೈಲದ ಜಿಡ್ಡು ಬಲೆಗೆ ಅಂಟಿದರೆ ಹೋಗುವುದು ಒಂದು ದಿನದ ದುಡಿಮೆ ಮಾತ್ರವಲ್ಲ, ಬಲೆಯೂ ಹೋಗುತ್ತದೆ. ಇದನ್ನು ಕಡೆಗಣಿಸಿದರೆ ಯೋಜನೆಗಳಿಗೇ ತಡೆ ಬೀಳುತ್ತದೆ. 2020ರ ಜನವರಿಯಲ್ಲಿ ಕಾರವಾರದಲ್ಲಿ ಬಂದರು ವಿಸ್ತರಣೆಯ ಕಾಮಗಾರಿ ಆರಂಭವಾದಾಗ ಮೀನುಗಾರರು ಬೀದಿಗಿಳಿದರು. ವಿವಾದ ಉಚ್ಚ ನ್ಯಾಯಾಲಯದ ಮೆಟ್ಟಿಲೇರಿತು. ಹೊನ್ನಾವರದ ಕಾಸರಕೋಡು, ಅಂಕೋಲಾದ ಕೇಣಿಗಳಲ್ಲಿಯೂ ಬಂದರು ಯೋಜನೆಗಳಿಗೆ ತೀವ್ರ ವಿರೋಧ ಕಂಡುಬಂದಿದೆ. ಉತ್ತರ ಕನ್ನಡದಲ್ಲಿ ಬಂದರು ಬೇಕೆಂದು ಬಯಸುವ ವರ್ತಕರು, ಆ ವಿರೋಧದ ಹಿಂದೆ ಇತರ ಬಂದರುಗಳ ಸುತ್ತಲಿನ ಜನರ ಅನುಭವವಿದೆ ಎಂಬುದನ್ನು ಅರಿಯುವುದು ಒಳಿತು. ಇರುವ ಬಂದರು ಶುಚಿಯಾಗಿ ನಡೆದರೆ ಮಾತ್ರ ಹೊಸ ಬಂದರಿನ ಬೇಡಿಕೆಗೆ ಬಲ ಬರುತ್ತದೆ.

ವರ್ತಕರು ಗಮನಿಸಬೇಕಾದ ಅಂಶಗಳು

1. ರಾಶಿ ಸರಕು ಸಮುದ್ರ ಪರಿಸರಕ್ಕೆ ಹಾನಿಕರವೇ ಅಲ್ಲವೇ ಎಂಬ ಘೋಷಣೆ ಮಾರ್ಪೋಲ್ ಒಪ್ಪಂದದಂತೆ ಸರಕು ಕಳುಹಿಸುವವನ ಹೊಣೆ. ಹಡಗಿನ ಒಡಲು ತೊಳೆದ ನೀರನ್ನು ಏನು ಮಾಡಬೇಕೆಂಬುದು ಇದರಿಂದಲೇ ನಿರ್ಧಾರವಾಗುತ್ತದೆ. ಏಜೆಂಟರು ತಂದ ಖಾಲಿ ನಮೂನೆಗೆ ಸಹಿ ಹಾಕಿಕೊಡುವ ಪದ್ಧತಿಯನ್ನು ಕೈಬಿಡಬೇಕು.

2. ಕಂಟೇನರಿನಲ್ಲಿ ರಾಸಾಯನಿಕ, ಬಣ್ಣ, ಬ್ಯಾಟರಿ ಮುಂತಾದವನ್ನು ಕಳುಹಿಸುವಾಗ ಅಪಾಯಕಾರಿ ಸರಕಿನ ಘೋಷಣೆಯನ್ನು ಯಥಾವತ್ತಾಗಿ ನೀಡಬೇಕು. ದರ ಉಳಿಸಲು ಸಾಮಾನ್ಯ ಸರಕೆಂದು ಬರೆಸಿದರೆ, ಅವಘಡವಾದಾಗ ವಿಮೆಯ ರಕ್ಷಣೆಯೂ ತಪ್ಪಿ ಹೊಣೆಯೂ ಮೈಮೇಲೆ ಬರುವ ಸಂಭವವಿದೆ.

3. ಸ್ಟೀವಡೋರ್ ಮತ್ತು ಲಾರಿ ಸಾಗಣೆ ಕರಾರಿನಲ್ಲಿ ಹೊದಿಕೆ, ಚಕ್ರ ತೊಳೆಯುವಿಕೆ, ಮಿತಿಮೀರಿದ ಭಾರ ಇವುಗಳ ಹೊಣೆ ಯಾರದೆಂದು ಬರೆಯಬೇಕು. ದರ ಕಡಿಮೆಯೆಂಬ ಒಂದೇ ಕಾರಣಕ್ಕೆ ಒಪ್ಪಂದ ಮಾಡಿಕೊಂಡರೆ ದಂಡದ ಪಾಲು ಸರಕಿನ ಮಾಲೀಕನಿಗೂ ಬರಬಹುದು.

4. ಬಂದರಿನ ಹೊರಗೆ ಬಾಡಿಗೆ ಅಂಗಳದಲ್ಲಿ ದಾಸ್ತಾನು ಇಡುವವರು ಆ ಅಂಗಳಕ್ಕೆ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಇದೆಯೇ, ಅದರ ಅವಧಿ ಎಂದಿನವರೆಗೆ, ಯಾವ ಸರಕಿಗೆ ಎಂಬುದನ್ನು ನೋಡಿ ಪ್ರತಿಯನ್ನು ಕಡತದಲ್ಲಿಡಬೇಕು.

5. ಬಳಸಿದ ಎಣ್ಣೆ ಮತ್ತಿತರ ಅಪಾಯಕಾರಿ ತ್ಯಾಜ್ಯವನ್ನು 2016ರ ನಿಯಮಗಳಂತೆ ಅಧಿಕೃತ ಸಂಸ್ಥೆಗೇ ಒಪ್ಪಿಸಿ ದಾಖಲೆ ಪಡೆಯಬೇಕು.

6. ಬಂದರು ಸ್ಥಗಿತಗೊಂಡಾಗಿನ ನಷ್ಟಕ್ಕೆ ವಿಮೆ ಅನ್ವಯಿಸುವುದೇ ಎಂದು ಪಾಲಿಸಿಯನ್ನು ಓದಿ ತಿಳಿಯಬೇಕು. 2010ರ ಆಗಸ್ಟ್ 7ರಂದು ಮುಂಬಯಿಯ ಬಳಿ ಎರಡು ಹಡಗುಗಳು ಡಿಕ್ಕಿಯಾಗಿ ಕಂಟೇನರುಗಳು ನೀರಿಗೆ ಬಿದ್ದಾಗ ಅಲ್ಲಿನ ಎರಡು ಪ್ರಮುಖ ಬಂದರುಗಳ ಸಂಚಾರ ಕೆಲವು ದಿನ ನಿಂತಿತು. ಡಿಕ್ಕಿಗೆ ಯಾವ ಸಂಬಂಧವೂ ಇಲ್ಲದವರ ಸರಕೂ ಕಾಯಬೇಕಾಯಿತು.

ಉಪಸಂಹಾರ

ಕುದುರೆಮುಖದ ಗಣಿ ನಿಂತಾಗ ನವಮಂಗಳೂರು ಬಂದರು ಬೇರೆ ಸರಕುಗಳನ್ನು ಆಶ್ರಯಿಸಿ ನಿಭಾಯಿಸಿಕೊಂಡಿತು. ಪ್ರತಿ ಸಲವೂ ಬದಲಿ ಸರಕು ಸಿಗುವುದೆಂಬ ಭರವಸೆಯಿಲ್ಲ. ಬಂದರು, ಹಡಗು, ಲಾರಿ, ವರ್ತಕ ಇವರಲ್ಲಿ ಯಾರು ಎಷ್ಟು ಭರಿಸಬೇಕೆಂಬುದನ್ನು ಮುಂಚಿತವಾಗಿ ಕರಾರಿನಲ್ಲಿಯೂ ದರಪಟ್ಟಿಯಲ್ಲಿಯೂ ಬರೆದುಕೊಂಡರೆ ಪರಿಸರದ ವೆಚ್ಚ ಅಳತೆಗೆ ಸಿಗುವ, ತಗ್ಗಿಸಬಹುದಾದ ಬಾಬ್ತಾಗುತ್ತದೆ. ಬರೆಯದೆ ಬಿಟ್ಟರೆ ಅದನ್ನು ಒಂದು ದಿನ ನ್ಯಾಯಾಲಯ ಬರೆಯುತ್ತದೆ. ಆಗ ಮೊತ್ತವನ್ನಾಗಲಿ ಗಡುವನ್ನಾಗಲಿ ನಿರ್ಧರಿಸುವ ಅವಕಾಶ ವರ್ತಕನಿಗೆ ಉಳಿಯುವುದಿಲ್ಲ. ಈ ಆರ್ಥಿಕ ವರ್ಷದ ಲೆಕ್ಕ ಮುಗಿಸುವ ಮೊದಲು ಪ್ರತಿಯೊಬ್ಬ ಆಮದು–ರಫ್ತುದಾರನೂ ತನ್ನ ‘ತೂಕದ ವ್ಯತ್ಯಾಸ’ದ ಖಾತೆಯನ್ನೊಮ್ಮೆ ತೆರೆದು ನೋಡುವುದು ಸೂಕ್ತ.